ತಲೆಗೆ ಪೆಟ್ಟಾದಮೇಲೆ ತೋಲ ನೋಡುವ ಕ್ರಮ: ಹನ್ನೊಂದರ ಹುಡುಗನಿಗೂ ಅರವತ್ತೆಂಟರ ಆಯಿಗೂ ಒಂದೇ ಅಳತೆ ಸಾಲದು

ಕಲಬುರಗಿಯಲ್ಲಿ ಫಿಜಿಯೋಥೆರಪಿಸ್ಟ್ ಆಗಿರುವ ನನ್ನ ಹತ್ತಿರ ಶಾಲೆಯ ಪಿ.ಟಿ. ಸರ್‌ಗಳು, ಆಶಾ ಕಾರ್ಯಕರ್ತೆಯರು, ಕೆಲವೊಮ್ಮೆ ಮನೆಯವರೇ, ತಲೆಗೆ ಪೆಟ್ಟಾದವರನ್ನು ನಿಲ್ಲಿಸಿ ತೋಲ (ನೆಟ್ಟಗೆ ನಿಲ್ಲುವ ಸಮತೋಲ) ನೋಡಿ ಬರೆದ ಒಂದು ಹಾಳೆ ಹಿಡಿದು ಬರುತ್ತಾರೆ. ಹಾಳೆಯ ಮೇಲೆ 'ಎಂಟು ತಪ್ಪು' ಎಂದಿರುತ್ತದೆ. ಯಾರದು, ವಯಸ್ಸೆಷ್ಟು, ಹೇಗೆ ನಿಲ್ಲಿಸಿ ನೋಡಿದ್ದು, ಪೆಟ್ಟಾಗಿ ಎಷ್ಟನೇ ದಿನ, ಯಾವುದೂ ಇರುವುದಿಲ್ಲ. ಆಮೇಲೆ ಕೇಳುತ್ತಾರೆ: "ಪಾಸೋ ಫೇಲೋ ಹೇಳ್ರಿ ಮೇಡಂ."

ಹೀಗೆ ಬಂದ ಹಾಳೆಗಳಲ್ಲಿ ಮತ್ತೆ ಮತ್ತೆ ಮೂರು ತಪ್ಪು ಕಾಣುತ್ತೇನೆ. ಒಂಬತ್ತು ವರ್ಷದ ಹುಡುಗಿ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಲಾರದೆ ಹೋದರೆ ಮನೆಯವರು ಹೆದರಿ ಕಂಗಾಲಾಗುತ್ತಾರೆ. ಆ ವಯಸ್ಸಿಗೆ ಅದು ಸಹಜ. ಹತ್ತೊಂಬತ್ತರ ಕಬಡ್ಡಿ ಹುಡುಗ ಕಂಬದಂತೆ ನಿಂತರೆ ಮರುದಿನವೇ ಅಂಕಣಕ್ಕೆ ಕಳಿಸುತ್ತಾರೆ. ತಲೆನೋವಿನ ಬಗ್ಗೆ ಯಾರೂ ಕೇಳಿರುವುದಿಲ್ಲ. ಮುದುಕರು ಜೋಲಿ ಹೊಡೆದರೆ "ವಯಸ್ಸಾಗ್ಯಾದಲ್ರಿ, ಇದ್ದದ್ದೇ" ಎಂದು ಬಿಡುತ್ತಾರೆ. ಅತಿ ಹೆಚ್ಚು ಹಾನಿ ಮಾಡುವುದು ಈ ಮೂರನೆಯದು.

ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯಿಂದ: ಕಣ್ಣು, ಒಳಗಿವಿ, ಮತ್ತು ಪಾದ-ಕೀಲುಗಳ ಸ್ಪರ್ಶ. ಮಿದುಳು ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಕನ್ಕಷನ್ ಎಂದರೆ ಪೆಟ್ಟಿನಿಂದ ಮಿದುಳು ಅಲುಗಾಡಿ ಅದರ ಕೆಲಸ ಕೆಲಕಾಲ ಕೆಡುವುದು. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಆಗ ಕೆಡುವ ಕೆಲಸಗಳಲ್ಲಿ ಈ ಕೂಡಿಸುವ ಕೆಲಸವೂ ಒಂದು. ಆದರೆ ಮಕ್ಕಳಲ್ಲಿ ಕೂಡಿಸುವ ಆ ಶಕ್ತಿಯೇ ಇನ್ನೂ ಬಲಿತಿರುವುದಿಲ್ಲ. ವಯಸ್ಸಾದವರಲ್ಲಿ ಸುದ್ದಿ ಕಳಿಸುವ ಮೂರೂ ಕಡೆ ಮಂದವಾಗಿರುತ್ತವೆ. ಆದ್ದರಿಂದ ಪೆಟ್ಟಿನಿಂದ ಕೆಟ್ಟದ್ದೆಷ್ಟು, ವಯಸ್ಸಿನಿಂದ ಮೊದಲೇ ಇದ್ದದ್ದೆಷ್ಟು ಎಂದು ಬೇರ್ಪಡಿಸದ ಹೊರತು ತಪ್ಪಿನ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇದು ವೈದ್ಯರಿಗೆ ಕೊಡಲು ಸರಿಯಾದ ದಾಖಲೆ ಮಾಡುವ ಕೆಲಸ. ರೋಗ ನಿರ್ಣಯ ಅವರದು.

ಹಂತ 1: ನಿಲ್ಲಿಸುವ ಮೊದಲು, ನಿಲ್ಲಿಸಬಹುದೇ ನೋಡಿ

ಪೆಟ್ಟು ಬಿದ್ದವರನ್ನು ತಕ್ಷಣ ಎಬ್ಬಿಸಿ "ನಡಿ ನೋಡಾಮು" ಅನ್ನುವುದು ನಮ್ಮ ಕಡೆ ರೂಢಿ. ಕುತ್ತಿಗೆ ನೋವಿದೆ ಎಂದರೆ, ಕೈಕಾಲು ಜುಮುಗುಟ್ಟುತ್ತಿವೆ ಅಥವಾ ಬಲ ಇಲ್ಲ ಎಂದರೆ ಎಬ್ಬಿಸಬೇಡಿ. ತಲೆ-ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ.

ಈ ಗುರುತುಗಳಲ್ಲಿ ಒಂದಿದ್ದರೂ ತೋಲ ನೋಡುವ ಮಾತೇ ಬೇಡ, ನೇರ ದವಾಖಾನೆ:

- ಎಚ್ಚರ ತಪ್ಪಿದ್ದು, ಫಿಟ್ಸ್ ಬಂದದ್ದು
- ಮತ್ತೆ ಮತ್ತೆ ವಾಂತಿ
- ಏರುತ್ತಲೇ ಹೋಗುವ ತಲೆನೋವು
- ಒಂದು ವಸ್ತು ಎರಡಾಗಿ ಕಾಣುವುದು
- ಮಾತು ತೊದಲುವುದು, ಮನೆಯವರ ಗುರುತು ಸಿಗದಿರುವುದು, ಸುಮ್ಮನೆ ಸಿಟ್ಟು-ಚಡಪಡಿಕೆ
- ಎಬ್ಬಿಸಿದರೂ ಏಳದಂಥ ಮಂಪರು
- ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಅಥವಾ ರಕ್ತ ಸೋರುವುದು

ಇದಕ್ಕೆ ವಯಸ್ಸಿನ ಎರಡು ನಿಯಮ ಸೇರಿಸಿಕೊಳ್ಳಿ. 65 ದಾಟಿದವರು ಚೆನ್ನಾಗಿ ನಿಂತರೂ ಮೊದಲು ವೈದ್ಯರು ನೋಡಲಿ. ಸಿಟಿ ಸ್ಕ್ಯಾನ್ ಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ವೈದ್ಯರು ವಯಸ್ಸನ್ನೇ ಒಂದು ಅಪಾಯವಾಗಿ ಎಣಿಸುತ್ತಾರೆ. ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರಿಗೆ ಯಾವ ವಯಸ್ಸಿಗೂ ಇದೇ ನಿಯಮ. ಎರಡನೆಯದು, ಮಾತು ಸರಿಯಾಗಿ ಬಾರದ ಕೂಸುಗಳದು. ಅಳು ನಿಲ್ಲದಿದ್ದರೆ, ಹಾಲು ಕುಡಿಯದಿದ್ದರೆ, ಯಾವತ್ತೂ ಇಲ್ಲದ ನಿದ್ದೆ ಹತ್ತಿದರೆ ಮನೆಯಲ್ಲಿ ಕಾಯಬೇಡಿ.

ಚಿಂಚೋಳಿ ಕಡೆಯ ತಾಂಡಾದಲ್ಲೋ ಔರಾದ್ ತಾಲ್ಲೂಕಿನ ಹಳ್ಳಿಯಲ್ಲೋ ಇರುವವರು ಇನ್ನೂ ಒಂದು ಲೆಕ್ಕ ಹಾಕಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವುದೇ ಸರ್ಕಾರಿ ದೊಡ್ಡ ದವಾಖಾನೆ ಇರಲಿ, ರಾತ್ರಿ ಹೊತ್ತು ಗಾಡಿ ಹುಡುಕಿಕೊಂಡು ಹೋಗುವುದು ಕಷ್ಟ. ಅನುಮಾನ ಇದ್ದರೆ ಹೊತ್ತು ಮುಳುಗುವುದರೊಳಗೆ ಹೊರಡಿ. ಉಳ್ಳಾಗಡ್ಡಿ ಮೂಸಿಸುವುದು, ಕೈಯಲ್ಲಿ ಚಾವಿ ಹಿಡಿಸುವುದು, ಇವುಗಳಲ್ಲಿ ಹೊತ್ತು ಕಳೆಯಬೇಡಿ. ಕುಡಿದವನು ಬಿದ್ದು ತೂರಾಡುತ್ತಿದ್ದರೆ "ಕುಡದಾನ, ಇಳೀಲಿ" ಎಂದು ಮಲಗಿಸಿಬಿಡುವುದೂ ಅಷ್ಟೇ ಅಪಾಯ. ತೂರಾಟ ಅಮಲಿನದೋ ಪೆಟ್ಟಿನದೋ ಎಂದು ಕಣ್ಣಿಂದ ನೋಡಿ ಯಾರೂ ಹೇಳಲಾರರು.

ಹಂತ 2: ಹಾಳೆಯ ಮೇಲ್ಭಾಗ ಮೊದಲು ತುಂಬಿ

ವಯಸ್ಸು ಬರೆಯಿರಿ, ಖಾತ್ರಿ ಮಾಡಿಕೊಂಡು ಬರೆಯಿರಿ. ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದ್ದರೆ ಅದು ಬಹುತೇಕ ಅಂದಾಜಿನದು. ಹಿರಿಯ ಮಗನ ವಯಸ್ಸು ಕೇಳಿ, ಲೆಕ್ಕ ಹತ್ತಿರಕ್ಕೆ ಬರುತ್ತದೆ. ಐವತ್ತೆಂಟೋ ಅರವತ್ತೆಂಟೋ ಎನ್ನುವುದರ ಮೇಲೆ ಮುಂದಿನ ದಾರಿಯೇ ಬೇರೆಯಾಗುತ್ತದೆ.

ಆಮೇಲೆ: ಪೆಟ್ಟಾದ ದಿನ ಮತ್ತು ಹೊತ್ತು, ಈಗ ನೋಡುತ್ತಿರುವ ಹೊತ್ತು, ಕೊನೆಗೆ ಊಟ ಮಾಡಿದ್ದು ಯಾವಾಗ, ರಾತ್ರಿ ನಿದ್ದೆ ಬಂತೇ. ಶ್ರಾವಣದ ಸೋಮವಾರವೋ ರಂಜಾನಿನ ರೋಜಾನೋ ಇದ್ದು ಹೊಟ್ಟೆ ಖಾಲಿ ಇದ್ದರೆ ಅದನ್ನೂ ಬರೆಯಿರಿ. ಕಾಲಿನ ಹಳೆಯ ಉಳುಕು, ಮುರಿತ, ಮೊಣಕಾಲು ಬೇನೆ, ಶುಗರ್, ಪಾದಕ್ಕೆ ಜೋಮು, ಮೋತಿಬಿಂದು (ಕಣ್ಣಿನ ಪೊರೆ), ಕಿವಿ ಮಂದ, ಬಿ.ಪಿ. ಗುಳಿಗೆ, ನಿದ್ದೆ ಗುಳಿಗೆ: ಇದ್ದುದೆಲ್ಲ ಬರಲಿ. ಗುಳಿಗೆಯ ಹೆಸರು ಗೊತ್ತಿಲ್ಲದಿದ್ದರೆ ಚೀಟಿಯ ಅಥವಾ ಪ್ಯಾಕೆಟ್ಟಿನ ಫೋಟೋ ತೆಗೆದುಕೊಳ್ಳಿ.

ಬಹಳ ಜನ ಬಿಡುವ ಪ್ರಶ್ನೆಯೊಂದಿದೆ: "ಬೀಳೂಕಿಂತ ಮೊದ್ಲ ಹ್ಯಾಂಗ ನಡೀತಿದ್ರು?" ಇದನ್ನು ಪೆಟ್ಟಾದವರಿಗಲ್ಲ, ಜೊತೆಗೆ ಇರುವವರಿಗೆ ಕೇಳಿ. ಗೋಡೆ ಹಿಡಿದು ನಡೆಯುತ್ತಿದ್ದರೇ? ಮಾಳಿಗೆ ಮೆಟ್ಟಿಲು ತಾವೇ ಹತ್ತುತ್ತಿದ್ದರೇ? ತಲೆ ಮೇಲೆ ಕೊಡ ಹೊತ್ತು ಬರುತ್ತಿದ್ದರೇ? ಬೇಸ್‌ಲೈನ್ ಪರೀಕ್ಷೆ, ಅಂದರೆ ಪೆಟ್ಟಾಗುವ ಮೊದಲೇ ನೋಡಿ ಬರೆದಿಟ್ಟ ಅಳತೆ, ಇರದವರಿಗೆ ಈ ಉತ್ತರವೇ ಬೇಸ್‌ಲೈನ್. ಕ್ರೀಡಾ ಶಾಲೆಯ ಮಕ್ಕಳಿಗೆ ಆಟದ ಹಂಗಾಮು ಶುರುವಾಗುವ ಮೊದಲೇ ಒಮ್ಮೆ ನೋಡಿ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ಆದರೆ ಬೆಳೆಯುವ ವಯಸ್ಸಲ್ಲಿ ಎರಡು ವರ್ಷದ ಹಿಂದಿನ ಹಾಳೆ ಕೆಲಸಕ್ಕೆ ಬಾರದು. ಅಷ್ಟರಲ್ಲಿ ಮಗುವಿನ ಎತ್ತರವೂ ತೋಲವೂ ಬದಲಾಗಿರುತ್ತವೆ.

ಹಂತ 3: ಜಾಗ ಮತ್ತು ಸಾಮಾನು

ಬೇಕಾದದ್ದು: ಮೊಬೈಲಿನ ಸ್ಟಾಪ್‌ವಾಚ್, ಅಳತೆ ಟೇಪು, ಸುಮಾರು 4 ಸೆಂ.ಮೀ. ಅಗಲದ ಅಂಟುಪಟ್ಟಿ, ಗಟ್ಟಿಯಾದ ಕುರ್ಚಿ, ಬಿ.ಪಿ. ಯಂತ್ರ, ಹಾಳೆ-ಪೆನ್ನು. ಎಲ್ಲಕ್ಕಿಂತ ಮುಖ್ಯ, ಇನ್ನೊಬ್ಬರು. ಒಬ್ಬರು ಎಣಿಸುವಾಗ ಇನ್ನೊಬ್ಬರು ಬೀಳದಂತೆ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತಿರಬೇಕು.

ನೆಲದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನೇ ಇಲ್ಲಿ ಎಡವಿದ್ದೇನೆ. ನಮ್ಮಲ್ಲಿ ಶಾಲೆಯ ಪಡಸಾಲೆ, ಮನೆಯ ಅಂಗಳ ಎಲ್ಲ ಶಹಾಬಾದ್ ಫರಸಿ. ಪರೀಕ್ಷೆ ಬರಿಗಾಲಲ್ಲಿ ಆಗಬೇಕು. ಏಪ್ರಿಲ್ ತಿಂಗಳ ಒಂದು ಬೆಳಗಿನ ಹನ್ನೊಂದಕ್ಕೆ ಹುಡುಗನೊಬ್ಬನನ್ನು ಶಾಲೆಯ ಅಂಗಳದ ಫರಸಿ ಮೇಲೆ ನಿಲ್ಲಿಸಿದೆ. ಅವನು ಹಿಮ್ಮಡಿ ಎತ್ತಿದ, ಮುಂಗಾಲು ಎತ್ತಿದ, ಕಾಲು ಬದಲಿಸಿದ. ಒಂದೊಂದನ್ನೂ ತಪ್ಪೆಂದು ಗೀಟು ಹಾಕುತ್ತ ಹೋದೆ. ಹತ್ತಾಯಿತು. ನಂತರ ಅಂಗೈ ಊರಿ ನೋಡಿದಾಗ ತಿಳಿಯಿತು, ಕಲ್ಲು ಸುಡುತ್ತಿತ್ತು. ನೆರಳಿನ ಕೋಣೆಯೊಳಗೆ ಮತ್ತೆ ನೋಡಿದರೆ ಮೂರೇ ತಪ್ಪು. ಅಂದಿನಿಂದ ಯಾರನ್ನು ನಿಲ್ಲಿಸುವುದಿದ್ದರೂ ಮೊದಲು ನನ್ನ ಅಂಗೈ ಊರಿ ನೋಡುತ್ತೇನೆ.

ಫರಸಿಯ ಎರಡು ಕಲ್ಲಿನ ನಡುವಿನ ಸಂದಿಯನ್ನೇ ನಡೆಯುವ ಗೆರೆ ಮಾಡಿಕೊಳ್ಳಬೇಡಿ. ಪಾದಕ್ಕೆ ಸಂದಿಯ ಅಂಚು ತಗಲುತ್ತ ಹೋದರೆ ಸ್ಪರ್ಶದಿಂದಲೇ ದಾರಿ ಸಿಗುತ್ತದೆ, ಪರೀಕ್ಷೆ ಸುಲಭವಾಗಿಬಿಡುತ್ತದೆ. ಕಲ್ಲು ಏರುಪೇರಾಗಿದ್ದರೆ ಮುದುಕರು ಎಡವುತ್ತಾರೆ. ಸಮವಾದ ಕಡೆ ಅಂಟುಪಟ್ಟಿ ಹಚ್ಚಿ. ಮೆತ್ತನೆಯ ಫೋಮ್ ಮೇಲೆ ನಿಲ್ಲಿಸುವ ಪರೀಕ್ಷೆಯೂ ಇದೆ, ಅದಕ್ಕೆ ಗೊತ್ತಾದ ದಪ್ಪದ ಫೋಮೇ ಬೇಕು. ಮನೆಯ ಅರಳೆ ಗಾದಿ ಒಂದು ಕಡೆ ಗುಂಡಿ ಬಿದ್ದಿರುತ್ತದೆ, ಅದರ ಮೇಲೆ ನಿಲ್ಲಿಸಿ ಎಣಿಸಿದ್ದಕ್ಕೆ ಅರ್ಥವಿಲ್ಲ. ಗಟ್ಟಿ ನೆಲವೇ ಸಾಕು.

ಆಟ ಆಡಿ ಬಂದ ಕೂಡಲೇ ನೋಡಬೇಡಿ. ದಣಿವಿನಿಂದಲೇ ತಪ್ಪು ಹೆಚ್ಚುತ್ತವೆ. ನೆರಳಲ್ಲಿ ಕೂಡಿಸಿ, ನೀರು ಕೊಟ್ಟು, 20 ನಿಮಿಷ ಬಿಡಿ. ನಮ್ಮ ಬೇಸಿಗೆಯಲ್ಲಿ ನೀರಡಿಸಿದ ಮೈ ಪೆಟ್ಟಿಲ್ಲದೆಯೂ ಜೋಲಿ ಹೊಡೆಯುತ್ತದೆ. ಹಾಗೆ ಕೂಡಿಸಿದಾಗ ಹಂತ 1ರ ಗುರುತುಗಳನ್ನು ನೋಡುತ್ತಲೇ ಇರಿ.

ಹಂತ 4: ಮೂರು ನಿಲುವು

ಇದು ಎಂಟು ವರ್ಷದಿಂದ ಸುಮಾರು ಅರವತ್ತರವರೆಗಿನವರಿಗೆ. ಕ್ರೀಡಾ ವೈದ್ಯಕೀಯದಲ್ಲಿ ಬಳಸುವ ಸ್ಕ್ಯಾಟ್ 6 ಎಂಬ ಪರೀಕ್ಷಾ ಪಟ್ಟಿಯಲ್ಲಿ ಇವೇ ಮೂರು ನಿಲುವು ಇವೆ. ಅದು 2023ರಲ್ಲಿ ಪ್ರಕಟವಾಯಿತು. 13 ವರ್ಷ ಮತ್ತು ಮೇಲ್ಪಟ್ಟವರಿಗೆ ಒಂದು, 8ರಿಂದ 12ರವರೆಗಿನವರಿಗೆ ಚೈಲ್ಡ್ ಸ್ಕ್ಯಾಟ್ 6 ಎಂಬ ಇನ್ನೊಂದು. ದೊಡ್ಡವರ ಹಾಳೆಯಲ್ಲಿ ಮಕ್ಕಳನ್ನು ಅಳೆಯಬಾರದು ಎಂದೇ ಎರಡು ಮಾಡಿದ್ದಾರೆ.

ಮೊದಲು ಯಾವ ಕಾಲು ಎಂದು ಗೊತ್ತು ಮಾಡಿಕೊಳ್ಳಿ. ಚೆಂಡು ಒದೆಯುವ ಕಾಲು ಯಾವುದೋ ಅದರ ಇನ್ನೊಂದು ಕಾಲಿನ ಮೇಲೆ ಒಂಟಿಕಾಲ ನಿಲುವು. "ಯಾವ ಕಾಲು ಗಟ್ಟಿ?" ಎಂದು ಕೇಳಿದರೆ ಹುಡುಗರು ತಪ್ಪು ಹೇಳುತ್ತಾರೆ. ಚೆಂಡೊಂದನ್ನು ಉರುಳಿಸಿ, ಯಾವ ಕಾಲು ಬರುತ್ತದೋ ನೋಡಿ.

ಪ್ರತಿ ನಿಲುವಿಗೂ ಕೈ ಸೊಂಟದ ಮೇಲೆ, ಕಣ್ಣು ಮುಚ್ಚಿ, 20 ಸೆಕೆಂಡ್:

1. ಎರಡೂ ಪಾದ ಕೂಡಿಸಿ ನಿಲ್ಲುವುದು.
2. ಒಂಟಿಕಾಲು: ಒದೆಯದ ಕಾಲಿನ ಮೇಲೆ, ಇನ್ನೊಂದನ್ನು ಎತ್ತಿ ಹಿಡಿದು.
3. ಸಾಲುಪಾದ: ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿ, ಒದೆಯದ ಕಾಲು ಹಿಂದೆ.

ಮೊದಲು ನೀವೇ ನಿಂತು ತೋರಿಸಿ. ಕಣ್ಣು ಮುಚ್ಚಿದ ಮೇಲೆಯೇ ಸ್ಟಾಪ್‌ವಾಚ್ ಒತ್ತಿ.

ತಪ್ಪೆಂದು ಎಣಿಸುವುದು ಇವನ್ನು: ಕೈ ಸೊಂಟ ಬಿಡುವುದು; ಕಣ್ಣು ತೆರೆಯುವುದು; ಹೆಜ್ಜೆ ಇಡುವುದು, ಎಡವುವುದು, ಬೀಳುವುದು; ಮುಂಗಾಲು ಅಥವಾ ಹಿಮ್ಮಡಿ ನೆಲದಿಂದ ಏಳುವುದು; ಸೊಂಟದಲ್ಲಿ ಕಾಲು 30 ಡಿಗ್ರಿಗಿಂತ ಹೆಚ್ಚು ಪಕ್ಕಕ್ಕೆ ಹೋಗುವುದು ಅಥವಾ ಮುಂದೆ ಮಡಚುವುದು; ನಿಲುವು ಕೆಟ್ಟು 5 ಸೆಕೆಂಡ್ ದಾಟಿದರೂ ಮೊದಲಿನ ನಿಲುವಿಗೆ ಮರಳದಿರುವುದು. ಒಂದೇ ಕ್ಷಣಕ್ಕೆ ಕೈಯೂ ಬಿಟ್ಟು ಕಣ್ಣೂ ತೆರೆದರೆ ಅದು ಒಂದೇ ತಪ್ಪು. ಬರೀ ಜೋಲಿ ಹೊಡೆಯುವುದು ತಪ್ಪಲ್ಲ. ಹೊಸಬರು ಇಲ್ಲಿಯೇ ಹೆಚ್ಚು ಗೀಟು ಹಾಕುವುದು. ಒಂದು ನಿಲುವಿಗೆ ಹತ್ತಕ್ಕಿಂತ ಹೆಚ್ಚು ಎಣಿಸಬೇಕಿಲ್ಲ. ಶುರುವಿನಲ್ಲಿ 5 ಸೆಕೆಂಡ್ ಕೂಡ ನಿಲ್ಲಲಾಗದಿದ್ದರೆ ಆ ನಿಲುವಿಗೆ ಹತ್ತು ಎಂದು ಬರೆಯಿರಿ.

ಇಲ್ಲಿ ವಯಸ್ಸಿನ ಮೊದಲ ಕವಲು. 10 ವರ್ಷದೊಳಗಿನವರಿಗೆ ಒಂಟಿಕಾಲ ನಿಲುವು ಬೇಡ. ಅವರದು ಎರಡೇ ನಿಲುವು, ಒಟ್ಟು 20ರಲ್ಲಿ ಲೆಕ್ಕ. 10 ತುಂಬಿದವರಿಗೆ ಮೂರೂ, 30ರಲ್ಲಿ ಲೆಕ್ಕ. ಎಂಟರ ಹುಡುಗಿಯ ಹಾಳೆಯಲ್ಲೂ ಹದಿನೈದರ ಅಣ್ಣನ ಹಾಳೆಯಲ್ಲೂ '8' ಎಂದಿದ್ದರೆ ಅವೆರಡೂ ಒಂದೇ ಅಲ್ಲ. ಆದ್ದರಿಂದ '8/20' ಎಂದೋ '8/30' ಎಂದೋ ಬರೆಯಿರಿ, ಪ್ರತಿ ನಿಲುವಿನದನ್ನೂ ಬೇರೆ ಬೇರೆ ಬರೆಯಿರಿ.

ಹಂತ 5: ಗೆರೆ ಮೇಲಿನ ನಡಿಗೆ

3 ಮೀಟರ್ ಗೆರೆ. ಹಿಮ್ಮಡಿಗೆ ಬೆರಳು ತಾಗಿಸುತ್ತ ಕೊನೆಯವರೆಗೆ ಹೋಗಿ, ತಿರುಗಿ, ಹಾಗೆಯೇ ಮರಳಿ ಬರಬೇಕು. ಗೆರೆ ಬಿಡಬಾರದು, ಹಿಮ್ಮಡಿ-ಬೆರಳಿನ ನಡುವೆ ಜಾಗ ಬಿಡಬಾರದು, ಏನನ್ನೂ ಹಿಡಿಯಬಾರದು. ಮೂರು ಸಲ ಮಾಡಿಸಿ ಮೂರರ ಸಮಯವನ್ನೂ ಬರೆಯಿರಿ. ತಿರುಗುವ ಜಾಗವನ್ನು ಗಮನಿಸಿ; ನೆಟ್ಟಗೆ ಚೆನ್ನಾಗಿ ನಡೆದವರು ತಿರುಗುವಾಗ ತೋಲ ತಪ್ಪುವುದುಂಟು.

ನಡೆಯುತ್ತ ಎಣಿಸುವುದು ಇನ್ನೂ ಸೂಕ್ಷ್ಮವಾದ ಪರೀಕ್ಷೆ. ದೊಡ್ಡವರಿಗೆ ನೂರರ ಆಸುಪಾಸಿನ ಒಂದು ಸಂಖ್ಯೆಯಿಂದ ಏಳೇಳು ಕಳೆಯುತ್ತ ನಡೆಯಲು ಹೇಳುತ್ತೇವೆ. ಬರೀ ನಡೆಯುವಾಗ ಸರಿ ಇದ್ದವರು ಲೆಕ್ಕ ಕೂಡಿದಾಗ ನಿಂತೇಬಿಡುತ್ತಾರೆ. ಆದರೆ ಭಾಷೆ ನೋಡಿಕೊಳ್ಳಿ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡುವವರಿಗೆ ಕನ್ನಡದಲ್ಲೇ ಎಣಿಸು ಎಂದರೆ ನಡಿಗೆ ನಿಧಾನವಾಗುವುದು ಭಾಷೆಯ ತೊಡಕಿನಿಂದ. ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತಾರೋ ಅದರಲ್ಲೇ ಮಾಡಲಿ. ಶಾಲೆ ಕಾಣದ ಹಿರಿಯರಿಗೆ ಕಳೆಯುವ ಲೆಕ್ಕ ಕೊಡಬೇಡಿ. ವಾರದ ದಿನಗಳ ಹೆಸರನ್ನು ಕೊನೆಯಿಂದ ಮೊದಲಿಗೆ ಹೇಳಿಸಿ.

ಹಂತ 6: ಅರವತ್ತು ದಾಟಿದವರಿಗೆ ಬೇರೆ ದಾರಿ

ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುವುದು ಪೆಟ್ಟಿಲ್ಲದ ಅರವತ್ತೈದರವರಿಗೂ ಆಗದ ಕೆಲಸ. ಅವರನ್ನು ಹಾಗೆ ನಿಲ್ಲಿಸಿದರೆ ಹೊಸದೇನೂ ತಿಳಿಯುವುದಿಲ್ಲ, ಬಿದ್ದು ಸೊಂಟದ ಎಲುಬು ಮುರಿಯುವ ಅಪಾಯ ಮಾತ್ರ. ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ಇವರಿಗೆ ಈ ಕ್ರಮ:

ಮೊದಲು ಬಿ.ಪಿ. 5 ನಿಮಿಷ ಅಂಗಾತ ಮಲಗಿಸಿ ನೋಡಿ. ಎದ್ದು ನಿಂತ 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ನಿಂತಾಗ ಬರುವ ಚಕ್ಕರ್‌ಗೆ ಅದೂ ಕಾರಣವಿರಬಹುದು. ಬಹಳ ಸಲ ಮೊದಲು ಬಿದ್ದದ್ದೂ ಅದರಿಂದಲೇ ಇರುತ್ತದೆ. ಹೀಗೆ ಇಳಿದವರ ತೋಲವನ್ನು ಅಂದು ನೋಡಬೇಡಿ. ಗುಳಿಗೆಯ ಚೀಟಿ ಸಮೇತ ವೈದ್ಯರಿಗೆ ತೋರಿಸಿ.

ಆಮೇಲೆ ಕಣ್ಣು ತೆರೆದುಕೊಂಡೇ ನಾಲ್ಕು ನಿಲುವು, ಒಂದೊಂದು 10 ಸೆಕೆಂಡ್: ಪಾದ ಕೂಡಿಸಿ, ಒಂದು ಪಾದ ಅರ್ಧ ಮುಂದಿಟ್ಟು, ಸಾಲುಪಾದ, ಕೊನೆಗೆ ಒಂಟಿಕಾಲು. ಒಂದರಲ್ಲಿ ನಿಲ್ಲಲಾಗದಿದ್ದರೆ ಮುಂದಿನದಕ್ಕೆ ಹೋಗಬೇಡಿ. ಸಾಲುಪಾದದಲ್ಲಿ 10 ಸೆಕೆಂಡ್ ನಿಲ್ಲಲಾಗದವರು ಮತ್ತೆ ಬೀಳುವ ಸಂಭವ ಹೆಚ್ಚು.

ಮೂರನೆಯದು ಕುರ್ಚಿ ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ತಮ್ಮ ಮಾಮೂಲಿ ನಡಿಗೆಯಲ್ಲಿ ನಡೆದು, ತಿರುಗಿ ಬಂದು ಕೂಡಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಕೋಲು ಹಿಡಿದು ನಡೆಯುವವರು ಕೋಲು ಹಿಡಿದೇ ಮಾಡಲಿ, 'ಕೋಲಿನ ಜೊತೆ' ಎಂದು ಬರೆಯಿರಿ. ಸೀರೆಯ ನೆರಿಗೆ, ಧೋತರದ ಅಂಚು ಕಾಲಿಗೆ ಸಿಗದಂತೆ ಮೊದಲೇ ಸಿಕ್ಕಿಸಿಕೊಳ್ಳಲು ಹೇಳಿ.

ಶುಗರ್ ಹಳೆಯದಾಗಿ ಪಾದ ಜೋಮು ಹಿಡಿದವರು ಕತ್ತಲಲ್ಲಿ, ಕಣ್ಣು ಮುಚ್ಚಿದಾಗ ಹೆಚ್ಚು ತೂರಾಡುತ್ತಾರೆ. ಅದು ಪಾದದ ಸುದ್ದಿ ಮಿದುಳಿಗೆ ಮುಟ್ಟದ್ದರಿಂದ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ ಕೋಣೆಯೇ ತಿರುಗಿ ನಿಲ್ಲುತ್ತದೆ ಎಂದರೆ ಒಳಗಿವಿಯ ಹರಳು ಸರಿದಿರಬಹುದು. ತಲೆಗೆ ಪೆಟ್ಟಾದಮೇಲೆ ಇದು ಸಾಮಾನ್ಯ, ಹಿರಿಯರಲ್ಲಂತೂ ಹೆಚ್ಚು. ಇವರು ನಿಲ್ಲುವ ಪರೀಕ್ಷೆಯಲ್ಲಿ ಸರಿಯಾಗಿಯೇ ಇರಬಹುದು. ಇದಕ್ಕೆ ತಲೆ-ಕುತ್ತಿಗೆ ತಿರುಗಿಸಿ ಮಾಡುವ ಚಿಕಿತ್ಸೆ ಇದೆ, ಚೆನ್ನಾಗಿ ವಾಸಿಯಾಗುತ್ತದೆ. ಆದರೆ ವಿಡಿಯೋ ನೋಡಿ ಮನೆಯಲ್ಲಿ ಮಾಡಬೇಡಿ. ಕುತ್ತಿಗೆಗೆ ಪೆಟ್ಟಾಗಿಲ್ಲ ಎಂದು ಮೊದಲು ಖಾತ್ರಿಯಾಗಬೇಕು.

ಹಂತ 7: ಅಂಕಿಯನ್ನು ವಯಸ್ಸಿನ ಜೊತೆ ಓದಿ

ಏಳೆಂಟು ವರ್ಷದವರೆಗೆ ಮಕ್ಕಳು ನಿಲ್ಲಲು ಕಣ್ಣನ್ನೇ ಹೆಚ್ಚು ನೆಚ್ಚುತ್ತಾರೆ. ಕಣ್ಣು ಮುಚ್ಚಿಸಿದರೆ ಅವರ ಊರುಗೋಲು ಕಿತ್ತುಕೊಂಡ ಹಾಗೆ. ಒಳಗಿವಿಯ ಸುದ್ದಿಯನ್ನು ದೊಡ್ಡವರಂತೆ ಬಳಸಿಕೊಳ್ಳುವುದು ಹದಿಹರೆಯದವರೆಗೂ ಬಲಿಯುತ್ತಲೇ ಇರುತ್ತದೆ. ಇದರ ಜೊತೆಗೆ ಮಗುವಿನ ಗಮನ ಬೇರೆ. ಕಣ್ಣು ತೆರೆದದ್ದು ತೋಲ ತಪ್ಪಿದ್ದಕ್ಕೋ, ಹೊರಗೆ ಗೆಳೆಯ ಕೂಗಿದ್ದಕ್ಕೋ? ಪಕ್ಕದಲ್ಲಿ ಬರೆದಿಡಿ.

ಕಳೆದ ವರ್ಷ ಹನ್ನೊಂದರ ಹುಡುಗನೊಬ್ಬ ಖೋಖೋ ಕಂಬಕ್ಕೆ ತಲೆ ಹೊಡೆದುಕೊಂಡು ಬಂದ. ಸಾಲುಪಾದದಲ್ಲಿ ಐದು, ಒಂಟಿಕಾಲಲ್ಲಿ ಏಳು. ಅವನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಜೊತೆಗೆ ಬಂದಿದ್ದ ಅದೇ ಕ್ಲಾಸಿನ, ಪೆಟ್ಟಾಗದ ಗೆಳೆಯನನ್ನು ನಿಲ್ಲಿಸಿದೆ: ನಾಲ್ಕು, ಆರು. "ನೋಡ್ರಿ ಯಕ್ಕಾ, ಇಂವಂದೂ ಹಾಂಗೇ ಅದ" ಎಂದಾಗ ಆಕೆಯ ಉಸಿರು ಇಳಿಯಿತು. ಗೆಳೆಯನನ್ನು ನಿಲ್ಲಿಸುವುದು ಯಾವ ಪುಸ್ತಕದ ಪರೀಕ್ಷೆಯೂ ಅಲ್ಲ, ಆದರೆ ಅದೇ ವಯಸ್ಸು ಅದೇ ನೆಲದ ಮೇಲೆ ಹೇಗೆ ನಿಲ್ಲುತ್ತದೆ ಎಂದು ಕಣ್ಣಿಗೆ ಕಾಣಿಸುತ್ತದೆ. ಆ ಹುಡುಗನಿಗೆ ಕನ್ಕಷನ್ ಇಲ್ಲವೆಂದೇನೂ ಇದರಿಂದ ಆಗಲಿಲ್ಲ. ತಲೆನೋವು, ಬೆಳಕು ಸಹಿಸದಿರುವುದು ಎರಡೂ ಇದ್ದವು. ಎರಡು ವಾರ ಅಂಕಣ ಬಿಡಿಸಿದೆವು.

ಹದಿಮೂರರಿಂದ ಹದಿನೆಂಟರವರು ನನಗೆ ಬೇರೆ ಕಾರಣಕ್ಕೆ ಕಷ್ಟ: ಮುಚ್ಚಿಡುತ್ತಾರೆ. "ನಾಲ್ಕ ದಿನ್ದಾಗ ಮ್ಯಾಚ್ ಅದಾರಿ" ಎನ್ನುವ ಹುಡುಗ ಚಕ್ಕರ್ ಬರುತ್ತಿದೆ ಎಂದು ಹೇಳುವುದಿಲ್ಲ. ಕೋಚ್ ಎದುರಿಗೆ ಕೇಳಬೇಡಿ, ಒಬ್ಬನನ್ನೇ ಕೂಡಿಸಿ ಕೇಳಿ. ಈ ವಯಸ್ಸಿನಲ್ಲಿ ತಪ್ಪು ಕಡಿಮೆ ಇರುವುದು ಸಹಜ. ಪೆಟ್ಟಾದ ಮೂರರಿಂದ ಐದು ದಿನದಲ್ಲಿ ನಿಲ್ಲುವ ಪರೀಕ್ಷೆ ಸರಿಯಾಗಿಬಿಡುತ್ತದೆ, ತಲೆನೋವು ಮತ್ತು ಮಂಕು ಇನ್ನೂ ಉಳಿದಿರುತ್ತವೆ. ಆದ್ದರಿಂದ 'ಚೆನ್ನಾಗಿ ನಿಂತ' ಎಂಬುದು ಆಡಲು ಪರವಾನಗಿಯಲ್ಲ.

ಇಪ್ಪತ್ತರಿಂದ ಐವತ್ತರ ಹತ್ತಿರದವರೆಗೆ ತೋಲದಲ್ಲಿ ದೊಡ್ಡ ಏರಿಳಿತವಿಲ್ಲ. ಐವತ್ತು ದಾಟಿದ ಮೇಲೆ ತಪ್ಪು ಹೆಚ್ಚಾಗುತ್ತ ಹೋಗುತ್ತವೆ, ಅರವತ್ತರಲ್ಲಿ ಇನ್ನಷ್ಟು. ಐವತ್ತೈದರ ರೈತನೊಬ್ಬ ಟ್ರ್ಯಾಕ್ಟರಿನಿಂದ ಬಿದ್ದು ಬಂದರೆ ಅವನ ಅಂಕಿಯನ್ನು ಮಗನ ಅಂಕಿಯ ಪಕ್ಕ ಇಟ್ಟು ನೋಡಬೇಡಿ. ಅವನು ಮೊನ್ನೆ ತೊಗರಿ ಹೊಲದ ಬದುವಿನ ಮೇಲೆ ಹೇಗೆ ನಡೆಯುತ್ತಿದ್ದ ಎಂಬುದರ ಪಕ್ಕ ಇಟ್ಟು ನೋಡಿ.

ಹಂತ 8: ಮತ್ತೆ ನೋಡುವ ದಿನ

ಒಂದೇ ಸಲ ನೋಡಿದರೆ ಆ ಹೊತ್ತಿನ ಸ್ಥಿತಿ ಮಾತ್ರ ತಿಳಿಯುತ್ತದೆ. ಹಂತ 4ರ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದು ಮೊದಲ ಮೂರು ದಿನ, ಹೆಚ್ಚೆಂದರೆ ಒಂದು ವಾರ. ಆಮೇಲೆ ಗೆರೆಯ ನಡಿಗೆ ಮತ್ತು ಲಕ್ಷಣಗಳನ್ನೇ ಹೆಚ್ಚು ನಂಬಿ. ಅದೇ ವ್ಯಕ್ತಿ, ಅದೇ ಜಾಗ, ಅದೇ ಹೊತ್ತಿನಲ್ಲಿ ನೋಡಲಿ. ದಿನಾ ಮಾಡಿಸಿದರೆ ರೂಢಿಯಾಗಿ ಅಂಕಿ ಸುಧಾರಿಸುತ್ತದೆ, ಮಿದುಳು ಸುಧಾರಿಸಿರುವುದಿಲ್ಲ.

ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮನೆಯೊಳಗಿನ ಸಣ್ಣ ಓಡಾಟ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಬೇಡ. ದೊಡ್ಡವರು ಸಾಮಾನ್ಯವಾಗಿ ಎರಡು ವಾರದಲ್ಲಿ, ಮಕ್ಕಳು ನಾಲ್ಕು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಮಕ್ಕಳಿಗೆ ಶಾಲೆ ಮೊದಲು, ಆಟ ಆಮೇಲೆ. ಆಟಕ್ಕೆ ಮರಳುವುದು ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದಕ್ಕೆ ಕನಿಷ್ಠ 24 ಗಂಟೆ. ಮೈಗೆ ಮೈ ತಾಗುವ ಆಟಕ್ಕೆ ವೈದ್ಯರ ಒಪ್ಪಿಗೆ ಆದಮೇಲೆಯೇ. ಪೆಟ್ಟಾದ ದಿನವೇ ಅಂಕಣಕ್ಕೆ ಮರಳುವುದಂತೂ ಯಾವ ವಯಸ್ಸಿಗೂ ಇಲ್ಲ.

ಹಿರಿಯರ ವಿಷಯದಲ್ಲಿ ಲೆಕ್ಕ ತಿರುವುಮುರುವು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ, ಅದಕ್ಕೂ ತಲೆಬುರುಡೆಗೂ ನಡುವೆ ಜಾಗ ಹೆಚ್ಚಿರುತ್ತದೆ. ಅಲ್ಲಿನ ಸಣ್ಣ ರಕ್ತನಾಳ ಹರಿದು ಮೆಲ್ಲಗೆ ರಕ್ತ ಜಿನುಗಿದರೆ, ಅದು ಒತ್ತಿ ಲಕ್ಷಣ ಕಾಣಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಅರವತ್ತೆಂಟರ ಆಯಿಯೊಬ್ಬರು ಮಾಳಿಗೆ ಮೆಟ್ಟಿಲಿಂದ ಜಾರಿದ್ದರು. ಎರಡನೇ ದಿನ ಕುರ್ಚಿ ಪರೀಕ್ಷೆ 11 ಸೆಕೆಂಡ್. ಮೂರನೇ ವಾರ ಸೊಸೆ ಬಂದು ಹೇಳಿದ್ದು ಇಷ್ಟೇ: "ಎಡಗಾಲಿನ ಚಪ್ಲಿ ಬಿಟ್ಟಬಿಟ್ಟು ಬರ್ಲತಾರ್ರಿ, ಗೊತ್ತೇ ಆಗಲ್ಲಗ್ಯಾದ." ನಡೆಸಿ ನೋಡಿದರೆ 19 ಸೆಕೆಂಡ್, ಎಡಗಾಲು ನೆಲ ಸವರುತ್ತಿತ್ತು. ಅಂದೇ ಸ್ಕ್ಯಾನ್ ಆಯಿತು, ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಆಗಿ ಈಗ ಚೆನ್ನಾಗಿದ್ದಾರೆ. ಎರಡನೇ ದಿನದ ಆ 11 ಬರೆದಿಟ್ಟಿರದಿದ್ದರೆ 19ನ್ನು ನಾನೂ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತಿದ್ದೆನೇನೋ.

ಆದ್ದರಿಂದ ಅರವತ್ತು ದಾಟಿದವರನ್ನು ಎರಡನೇ ದಿನ, ಒಂದು ವಾರಕ್ಕೆ, ಆಮೇಲೆ ಆರು ವಾರದವರೆಗೆ ವಾರಕ್ಕೊಮ್ಮೆ ಕುರ್ಚಿ ಪರೀಕ್ಷೆ ಮಾಡಿ. ಸಮಯ ಹೆಚ್ಚುತ್ತಿದ್ದರೆ, ಒಂದು ಕಡೆಗೆ ವಾಲುತ್ತಿದ್ದರೆ, ಒಂದು ಕಾಲು ಎಳೆಯುತ್ತಿದ್ದರೆ, ಹೊಸದಾಗಿ ಮರೆವು ಅಥವಾ ಮಂಪರು ಬಂದಿದ್ದರೆ ಅದೇ ದಿನ ದವಾಖಾನೆ.

ಹಂತ 9: ವೈದ್ಯರ ಮುಂದೆ ಇಡುವ ಹಾಳೆ

ಒಂದೇ ಪುಟ ಸಾಕು. ಮೇಲೆ ವಯಸ್ಸು, ಪೆಟ್ಟಾದ ದಿನ-ಹೊತ್ತು, ಗುಳಿಗೆಗಳು, ಬೀಳುವ ಮೊದಲಿನ ನಡಿಗೆ. ಕೆಳಗೆ ದಿನಕ್ಕೊಂದು ಸಾಲು: ಯಾವ ಪರೀಕ್ಷೆ, ಎಷ್ಟರಲ್ಲಿ ಎಷ್ಟು, ಎಷ್ಟು ಸೆಕೆಂಡ್, ಯಾವ ಕಡೆಗೆ ವಾಲಿದರು, ಅಂದು ತಲೆನೋವು-ನಿದ್ದೆ-ವಾಂತಿ ಹೇಗಿತ್ತು. ಗೆರೆ ನಡಿಗೆಯ ಅರ್ಧ ನಿಮಿಷದ ವಿಡಿಯೋ ಮೊಬೈಲಿನಲ್ಲಿರಲಿ, ಮುಖ ಕಾಣುವಂತಲ್ಲದೆ ಕಾಲು ಕಾಣುವಂತೆ ತೆಗೆದದ್ದು.

ಒ.ಪಿ.ಡಿ. ಸಾಲಿನಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. "ಚಕ್ಕರ್ ಬರ್ಲತದ" ಎಂದು ಶುರುಮಾಡಬೇಡಿ. "68 ವರ್ಷ, ಬಿದ್ದು 20 ದಿನ, ಮೊದಲು 11 ಸೆಕೆಂಡ್ ಇದ್ದದ್ದು ಈಗ 19, ಎಡಗಾಲು ಎಳೀತಾರ" ಎಂದು ಹೇಳಿ ಹಾಳೆ ಮುಂದಿಡಿ.